‘ಬ್ಲೆಸರ್’ ಅಂದರೆ ಹರಸುವವನಲ್ಲ

ಮಾನ್ಯ ಸಂಪಾದಕರೇ,

ದಕ್ಷಿಣ ಆಫ್ರಿಕಾದ ‘ಬ್ಲೆಸರ್’ಗಳ ಬಗ್ಗೆ ನಿಮ್ಮ ವಿದೇಶ ಪುಟದಲ್ಲಿ ಬಂದ ಬರಹ ಓದಿದೆ. ವಿಷಯ ಒಳ್ಳೆಯದೇ. ಆದರೆ ಬ್ಲೆಸರ್ ಅನ್ನುವುದಕ್ಕೆ ‘ಹರಸುವವನು’ ಅಂತ ಕನ್ನಡ ಮಾಡಿ ತಲೆಬರಹದಲ್ಲೂ ಅದನ್ನೇ ಹಾಕಿದ್ದೀರಲ್ಲ, ಅದು ಸರಿ ಕಾಣಲಿಲ್ಲ. ಹರಸುವವರು ಅಂದರೆ ತಲೆ ಮೇಲೆ ಕೈಯಿಟ್ಟು ಚೆನ್ನಾಗಿರು ಅನ್ನುವ ಹಿರಿಯರು. ಈ ಆಸಾಮಿ ಆ ಜಾತಿಯವನಲ್ಲ.

ಇವನು ದುಡ್ಡಿರುವ ಗಂಡಸು. ತನಗಿಂತ ತುಂಬಾ ಚಿಕ್ಕ ಹುಡುಗಿಗೆ ಕೇಳಿದ್ದನ್ನು ಕೊಡಿಸುತ್ತಾನೆ, ಅದಕ್ಕೆ ಬದಲಾಗಿ ಅವಳ ಜೊತೆ ಮಲಗುತ್ತಾನೆ. ಹಿಂದೆ ಇವನನ್ನೇ ಶುಗರ್ ಡ್ಯಾಡಿ ಅನ್ನುತ್ತಿದ್ದರು. ಹೊಸ ಹೆಸರು ಹುಟ್ಟಿದ್ದು ಇನ್‌ಸ್ಟಾಗ್ರಾಮ್‌ನಲ್ಲಿ. ಹೊಸ ಬ್ಯಾಗು, ದೊಡ್ಡ ಹೋಟೆಲಿನ ಊಟ, ವಿಮಾನದ ಕಿಟಕಿ, ಇಂಥ ಫೋಟೋಗಳ ಕೆಳಗೆ ಹುಡುಗಿಯರು ‘ಬ್ಲೆಸ್ಡ್’ ಅಂತ ಹ್ಯಾಶ್‌ಟ್ಯಾಗ್ ಹಾಕುತ್ತಿದ್ದರು, ಎಲ್ಲಾ ದೇವರ ದಯೆ ಅನ್ನುವ ಹಾಗೆ. ನೋಡಿದವರು ಸುಮ್ನೆ ಇರುತ್ತಾರಾ? ಇಷ್ಟೊಂದು ಕರುಣಿಸುವ ಆ ದೇವರು ಯಾರಪ್ಪಾ ಅಂತ ಶುರು ಮಾಡಿದರು. ಹಾಗೆ ಕೊಡುವವನು ಬ್ಲೆಸರ್ ಆದ, ಪಡೆಯುವವಳು ಬ್ಲೆಸೀ ಆದಳು. 2016ರ ಹೊತ್ತಿಗೆ ಅಲ್ಲಿನ ಪತ್ರಿಕೆ, ಟಿವಿ, ಮಂತ್ರಿಗಳ ಭಾಷಣ ಎಲ್ಲ ಕಡೆ ಇದೇ ಮಾತು.

ಇದರಲ್ಲಿ ಲೆವೆಲ್‌ಗಳೂ ಇವೆ. ಲೆವೆಲ್ ಒನ್ ಬ್ಲೆಸರ್ ಮೊಬೈಲಿಗೆ ಕರೆನ್ಸಿ, ಡೇಟಾ ಹಾಕಿಸುತ್ತಾನೆ. ಅವನಿಗಿಂತ ಮೇಲಿನವನು ಬಟ್ಟೆ, ತಲೆಗೆ ಜೋಡಿಸಿಕೊಳ್ಳುವ ದುಬಾರಿ ಕೂದಲು ಕೊಡಿಸುತ್ತಾನೆ, ಇನ್ನೂ ಮೇಲಿನವನದು ಐಫೋನ್, ವಿದೇಶ ಪ್ರವಾಸ, ತುತ್ತತುದಿಯವನು ಬಿಸಿನೆಸ್ಸನ್ನೇ ಹಾಕಿಕೊಡುತ್ತಾನಂತೆ. ಜನ ನಗುತ್ತಾ ಕಟ್ಟಿದ ಪದ ಇದು. ‘ಹರಸುವವನು’ ಅಂದ ಕೂಡಲೇ ಆ ನಗುವೆಲ್ಲ ಅಳಿಸಿಹೋಗಿ, ಅವನು ನಿಜಕ್ಕೂ ದೊಡ್ಡ ಮನುಷ್ಯನ ಹಾಗೆ ಕಾಣುತ್ತಾನೆ.

ಆ ಬರಹದ ಮೇಲೆ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು: ಫ್ರೆಂಚಿನಲ್ಲಿ ಬ್ಲೆಸರ್ ಅಂದರೆ ಗಾಯ ಮಾಡುವುದು, ಇಂಗ್ಲಿಷ್ ಪದವೂ ಅಲ್ಲಿಂದಲೇ ಬಂದದ್ದು ಅಂತ. ಅರ್ಧ ನಿಜ, ಅರ್ಧ ಸುಳ್ಳು.

ಫ್ರೆಂಚಿನಲ್ಲಿ ಇದೇ ಅಕ್ಷರಗಳ ಕ್ರಿಯಾಪದ ಇದೆ, ಹೌದು. ಕೊನೆಯ ‘ರ್’ ಬಾಯಿಗೆ ಬರುವುದಿಲ್ಲ, ‘ಬ್ಲೆಸೇ’ ಅನ್ನುತ್ತಾರೆ. ಗಾಯ ಮಾಡು, ನೋಯಿಸು ಅಂತ ಅರ್ಥ. ಚಾಕು ತಗುಲಿದರೂ ಅದೇ, ಮಾತು ಚುಚ್ಚಿದರೂ ಅದೇ. ಅವರ ಪತ್ರಿಕೆಯಲ್ಲಿ ಅಪಘಾತದ ಸುದ್ದಿಯ ಮೇಲೆ ‘ಟ್ರ್ವಾ ಬ್ಲೆಸೇ’ ಅಂತಿದ್ದರೆ ಮೂವರಿಗೆ ಗಾಯ ಅಂತ. ಹರಸುವುದಕ್ಕೆ ಬೇರೆ ಪದವಿದೆ, ‘ಬೆನೀರ್’. ಇಂಗ್ಲಿಷ್ ಬಲ್ಲವರು ಫ್ರೆಂಚ್ ಕಲಿಯಲು ಹೊರಟಾಗ ಎಡವುವ ಜಾಗಗಳಲ್ಲಿ ಇದೂ ಒಂದು.

ಆದರೆ ಎರಡಕ್ಕೂ ನೆಂಟಸ್ತಿಕೆ ಇಲ್ಲ. ಫ್ರೆಂಚಿನದು ಹಳೆಯ ಫ್ರಾಂಕ್ ಜನರ ಮಾತಿನಿಂದ ಬಂದದ್ದು, ಜಜ್ಜುವುದು ಅನ್ನುವ ಅರ್ಥದ್ದು. ಇಂಗ್ಲಿಷಿನ ಬ್ಲೆಸ್ ಹಳೆಯ ಇಂಗ್ಲಿಷಿನದೇ, ಅದರ ಹಿಂದಿರುವುದು ಬ್ಲಡ್, ಅಂದರೆ ರಕ್ತ. ರಕ್ತ ಬಳಿದು ಪವಿತ್ರ ಮಾಡುವುದು ಅದರ ಮೊದಲ ಅರ್ಥ ಅನ್ನುತ್ತಾರೆ ಬಲ್ಲವರು. ಕ್ರೈಸ್ತ ಧರ್ಮ ಬಂದ ಮೇಲೆ ಲ್ಯಾಟಿನ್ನಿನ ಹರಸುವ ಪದಕ್ಕೆ ಸಾಟಿಯಾಗಿ ಇದನ್ನೇ ಬಳಸಿದರು. ತಮಾಷೆ ನೋಡಿ, ಹರಸುವ ಪದದಲ್ಲಿ ರಕ್ತ ಇದೆ, ಗಾಯದ ಪದದಲ್ಲಿ ಇಲ್ಲ!

ಆ ಓದುಗರು ಬ್ಲೆಸರ್‌ನ ಹಿಂದೆ ಬಿದ್ದು ಬ್ಲೆಸೀಯನ್ನು ಬಿಟ್ಟುಬಿಟ್ಟರು, ಸ್ವಾರಸ್ಯ ಇರುವುದೇ ಅಲ್ಲಿ. ಎಂಪ್ಲಾಯೀ ಅನ್ನುವಾಗ ಕೊನೆಗೆ ಬರುವ ಆ ‘ಈ’ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಆ ಕ್ರಿಯೆಗೆ ಒಳಗಾದವರು ಅನ್ನುವ ಅರ್ಥದಲ್ಲಿ. ದಕ್ಷಿಣ ಆಫ್ರಿಕಾದವರು ಅದನ್ನೇ ಬ್ಲೆಸ್‌ಗೆ ಅಂಟಿಸಿದರು. ಈಗ ಫ್ರೆಂಚಿನಲ್ಲಿ ‘ಗಾಯಗೊಂಡವಳು’ ಅಂತ ಬರೆದು ನೋಡಿ: ಬಿ, ಎಲ್, ಇ, ಎರಡು ಎಸ್, ಎರಡು ಇ. ಕೊನೆಯ ಎರಡು ಇ‌ಗಳಲ್ಲಿ ಮೊದಲನೆಯದರ ತಲೆ ಮೇಲೊಂದು ಸಣ್ಣ ಗೀಟು, ಅಷ್ಟೇ ವ್ಯತ್ಯಾಸ. ಇದು ಬರೀ ಕಾಕತಾಳೀಯ, ಇದರಿಂದ ಯಾವ ಮೂಲವೂ ಸಾಬೀತಾಗುವುದಿಲ್ಲ. ಹಾಗಂತ ಕಣ್ಣಿಗೆ ಬಿದ್ದ ಮೇಲೆ ಮರೆಯುವುದು ಕಷ್ಟ.

ಯಾಕೆಂದರೆ ಅಲ್ಲಿ ಗಾಯ ಆಗುತ್ತಿರುವುದು ನಿಜವಾಗಿ. 2016ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಹುಡುಗಿಯರನ್ನು ಎಚ್‌ಐವಿಯಿಂದ ಕಾಪಾಡಲು ‘ಶಿ ಕಾಂಕರ್ಸ್’ ಅನ್ನುವ ಅಭಿಯಾನ ಶುರು ಮಾಡಿದಾಗ ಕೊಟ್ಟ ಲೆಕ್ಕ, 15ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ವಾರಕ್ಕೆ ಸುಮಾರು 2000 ಹೊಸ ಎಚ್‌ಐವಿ ಸೋಂಕು. ಮುಂದಿನ ತಿಂಗಳೇ ಡರ್ಬನ್‌ನಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೆಯಿತು. ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ವೈರಸ್ಸಿನ ವಂಶವಾಹಿಯನ್ನೇ ಹೋಲಿಸಿ, ಸೋಂಕು ಯಾರಿಂದ ಯಾರಿಗೆ ದಾಟಿರಬಹುದು ಅಂತ ಹುಡುಕಿದ ಅಧ್ಯಯನವೂ ಇದೆ. ಅದರ ಪ್ರಕಾರ 25 ದಾಟದ ಹೆಣ್ಣುಮಕ್ಕಳಿಗೆ ಸೋಂಕು ತಂದಿರಬಹುದಾದ ಗಂಡಸರು ಅವರಿಗಿಂತ ಸರಾಸರಿ 8.7 ವರ್ಷ ದೊಡ್ಡವರು. ಅಂದರೆ ನೀವು ಬರಹದ ಜೊತೆ ಹಾಕಿದ್ದೀರಲ್ಲ, ಸಿಗಾರ್ ಸೇದುವ ಬೋಳುತಲೆ ಮುದುಕನ ಚಿತ್ರ, ಅಪಾಯ ಬರೀ ಅವನಿಂದಲ್ಲ. ಮೂವತ್ತರ ಆಸುಪಾಸಿನ ಮಾಮೂಲಿ ಗಂಡಸು ಜಾಸ್ತಿ ಎದ್ದು ಕಾಣುತ್ತಾನೆ.

ಹುಡುಗಿಯರನ್ನೆಲ್ಲ ಪಾಪ ಅನ್ನಿ ಅಂತ ನಾನು ಹೇಳುತ್ತಿಲ್ಲ. ಗೊತ್ತಿದ್ದೇ ಒಪ್ಪಿಕೊಂಡೆ, ನಿಮಗೇನು ಕಷ್ಟ ಅನ್ನುವವರೂ ಅಲ್ಲಿದ್ದಾರೆ. ಆದರೆ ಹುಡುಗಿಗೆ 16 ತುಂಬಿರದಿದ್ದರೆ ಅಲ್ಲಿನ ಕಾನೂನಿನಲ್ಲೂ ಅದು ಅಪರಾಧ, ಅವಳು ಒಪ್ಪಿದ್ದಳು ಅನ್ನುವ ಮಾತು ನಡೆಯುವುದಿಲ್ಲ. ನಿಮ್ಮ ಬರಹದಲ್ಲಿ ಈ ಒಂದು ಸಾಲು ಇರಲೇ ಇಲ್ಲ. ಐಫೋನಿನ ಬಗ್ಗೆ ಎರಡು ಪ್ಯಾರಾ ಇತ್ತು!

ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಬಹುದು. ನಮ್ಮ ಆಡುಮಾತಿನ ‘ಇಟ್ಟುಕೊಂಡವಳು’ ಬೇಡವೇ ಬೇಡ, ಅದು ಕೆಸರನ್ನೆಲ್ಲ ಹೆಂಗಸಿನ ಮೇಲೇ ಎರಚುತ್ತದೆ, ಇಟ್ಟುಕೊಂಡವನ ಹೆಸರೇ ಎತ್ತುವುದಿಲ್ಲ. ಬ್ಲೆಸರ್ ಅಂತಲೇ ಬಿಡಿ, ಪರವಾಗಿಲ್ಲ. ಮೊದಲ ಸಲ ಬಂದಾಗ ‘ಹಣ, ಉಡುಗೊರೆ ಕೊಟ್ಟು ಚಿಕ್ಕ ಹುಡುಗಿಯರ ಸಂಗ ಮಾಡುವ ಗಂಡಸು’ ಅಂತ ಬಿಡಿಸಿ ಬರೆಯಿರಿ. ಉದ್ದ ಆಯಿತು ಅನ್ನಿಸಿದರೆ ಆ ಚಿತ್ರ ತೆಗೆದುಬಿಡಿ, ಜಾಗ ಸಿಗುತ್ತದೆ.

ಇತಿ,
ನಿಮ್ಮ ಓದುಗ