ಸುರಂಗದಲ್ಲಿ ನೀರುಂಟಾ?

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಓದುಗರ ಪತ್ರದ ಅಂಕಣದಲ್ಲಿ ಒಬ್ಬ ಹಿರಿಯರು ಬರೆದಿದ್ದರು. ಈಗಿನವರು ವಿದೇಶಕ್ಕೆ ಹೋಗುವುದೇ ಆನ್‌ಲೈನಿನಲ್ಲಿ ದಿನಕ್ಕೊಂದು ಕತೆ ಹಾಕಲಿಕ್ಕೆ, ಅದರಲ್ಲೂ ಹೆಂಗಸರು ಒಬ್ಬೊಬ್ಬರೇ ಹೋಗಿ ತಿಂದದ್ದು ಉಂಡದ್ದನ್ನೆಲ್ಲ ಊರಿಗೆ ಸಾರುವುದು ಶೋಕಿ ಅಲ್ಲದೆ ಮತ್ತೇನು ಅಂತ. ಓದಿ ಸಿಟ್ಟು ಬಂತು. ಆಮೇಲೆ ನಗು ಬಂತು. ಯಾಕೆಂದರೆ ಅವರು ಹೇಳಿದ್ದನ್ನೆಲ್ಲ ನಾನು ಕಳೆದ ಮೇ ತಿಂಗಳಲ್ಲಿ ಮಾಡಿದ್ದೇನೆ. ಒಬ್ಬಳೇ ನಾರ್ವೆಗೆ ಹೋದೆ, 16 ದಿನ ಇದ್ದೆ, 16 ದಿನವೂ ಬರೆದೆ. ತಿಂದದ್ದನ್ನೂ ಬರೆದೆ.

ತಟ್ಟೆಯ ಫೋಟೋ ನನಗೂ ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಲಪಾತಕ್ಕೆ ಬೆನ್ನು ಹಾಕಿ ನಿಂತು ತಮ್ಮ ಮುಖವನ್ನೇ ತೆಗೆದುಕೊಳ್ಳುವವರ ಸಾಲು ನೋಡಿ ನನಗೂ ಸಾಕಾಗಿದೆ. ಅಷ್ಟರ ಮಟ್ಟಿಗೆ ಆ ಹಿರಿಯರ ಮಾತು ಒಪ್ಪಿದೆ. ಆದರೆ ದಿನಚರಿ ಬೇರೆ, ಫೋಟೋ ಬೇರೆ. ಎರಡನ್ನೂ ಒಂದೇ ಗೋಣಿಗೆ ತುಂಬಿಸಿದ್ದಾರಲ್ಲ, ಅದಕ್ಕೆ ಈ ಪತ್ರ.

ನಾನು ಕಾಸರಗೋಡಿನ ಪೆರ್ಲ ಕಡೆಯವಳು, ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ಟೀಚರ್. ನಮ್ಮ ಕೇರಳದ ಶಾಲೆಗಳಿಗೆ ಏಪ್ರಿಲ್, ಮೇ ರಜೆ. ಮನೆಯಲ್ಲಿ ಅಮ್ಮ ಒಬ್ಬರೇ. ಅವರಿಗೆ ಒಂದು ಕಿವಿ ಕೇಳುವುದು ಕಮ್ಮಿ, ಫೋನಿನಲ್ಲಿ ಮಾತಾಡಿದರೆ "ಊಟ ಆಯ್ತಾ, ಆಯ್ತು, ಇಡ್ತೇನೆ" ಅಷ್ಟೇ. ಕಣ್ಣು ಮಾತ್ರ ಚೆನ್ನಾಗಿದೆ, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಬಿಡದೆ ಓದುವವರು. ಹಾಗಾಗಿ ಹೊರಡುವ ಮೊದಲೇ ಮಾತಾಗಿತ್ತು, ದಿನಾ ರಾತ್ರಿ ಬರೆದು ಹಾಕಬೇಕು, ಅವರು ಬೆಳಗ್ಗೆ ಕಾಫಿ ಕುಡಿಯುತ್ತಾ ಓದುತ್ತಾರೆ. ನಾರ್ವೆ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ನಾನು ರಾತ್ರಿ ಹತ್ತಕ್ಕೆ ಬರೆದು ಮುಗಿಸಿದರೆ ಇಲ್ಲಿ ಒಂದೂವರೆ, ಅಮ್ಮ ಏಳುವ ಹೊತ್ತಿಗೆ ರೆಡಿ. ಅಕ್ಕ, ಭಾವ, ಶಾಲೆಯ ಟೀಚರ್‌ಗಳು, ಹಳೆ ವಿದ್ಯಾರ್ಥಿಗಳು ಕೂಡಾ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದೆ. ಪಕ್ಕದ ಮನೆಯ ಚೇಚಿಗೆ (ಮಲಯಾಳದಲ್ಲಿ ಅಕ್ಕ) ಕನ್ನಡ ಓದಲು ಬರುವುದಿಲ್ಲ, ಅವರಿಗೆ ಅಮ್ಮ ಮಲಯಾಳದಲ್ಲಿ ಹೇಳುತ್ತಿದ್ದರಂತೆ, ಸ್ವಲ್ಪ ತಮ್ಮದೂ ಸೇರಿಸಿ.

ಮೊದಲ ಎರಡು ದಿನ ಬರೆದದ್ದು ಹಾಳಾಗಿತ್ತು. "ಓಸ್ಲೋ ಸುಂದರವಾದ ನಗರ, ರಸ್ತೆಗಳು ಸ್ವಚ್ಛ, ಜನ ಶಿಸ್ತಿನವರು." ಇದನ್ನು ಬರೆಯಲು ಓಸ್ಲೋಗೆ ಹೋಗಬೇಕಾ? ಪೆರ್ಲದಲ್ಲೇ ಕೂತು ಬರೆಯಬಹುದಿತ್ತು. ಅಮ್ಮನಿಗೆ ಟೈಪ್ ಮಾಡಲು ಬೇಜಾರು, ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಎರಡನೇ ದಿನದ್ದು ಬಂತು: "ಅದೆಲ್ಲ ಗೊತ್ತುಂಟು. ನೀನು ಎಂತ ತಿಂದಿ? ಎಷ್ಟಾಯ್ತು?"

ಅಲ್ಲಿಂದ ನಾನು ಲೆಕ್ಕ ಬರೆಯತೊಡಗಿದೆ. ಒಂದು ಕಾಫಿಗೆ 45 ಕ್ರೋನ. ಒಂದು ಕ್ರೋನ ಅಂದರೆ ಆಗ ಸುಮಾರು 8 ರೂಪಾಯಿ, ಅಂದರೆ ಕಾಫಿಗೆ 360. (ಇದನ್ನು ಕೇಳಿ ಚೇಚಿ ಎದೆ ಹಿಡಿದುಕೊಂಡರಂತೆ.) ನಲ್ಲಿ ನೀರು ಧಾರಾಳ ಕುಡಿಯಬಹುದು, ಅದಕ್ಕೆ ದುಡ್ಡು ಕೊಡುವವರು ನಮ್ಮಂಥ ಹೊಸಬರು ಮಾತ್ರ. ಬಾಟಲಿ ಕೊಂಡರೂ ಎಸೆಯುವ ಹಾಗಿಲ್ಲ, ಅದರ ಬೆಲೆಯಲ್ಲೇ ಡೆಪಾಸಿಟ್ ಸೇರಿಸಿ ತೆಗೆದುಕೊಂಡಿರುತ್ತಾರೆ, ಸಣ್ಣದಕ್ಕೆ 2, ದೊಡ್ಡದಕ್ಕೆ 3 ಕ್ರೋನ. ಖಾಲಿ ಬಾಟಲಿಯನ್ನು ಅಂಗಡಿಯ ಮೆಷಿನ್ನಿಗೆ ಹಾಕಿದರೆ ಅದು ವಾಪಸ್. ಅವರದ್ದೊಂದು ಕಂದು ಬಣ್ಣದ ಚೀಸ್ ಉಂಟು, ಬ್ರೂನೋಸ್ಟ್. ಹಾಲು ಒಡೆದ ನೀರನ್ನು ಕಂದು ಬಣ್ಣ ಬರುವ ತನಕ ಕುದಿಸಿ ಕುದಿಸಿ ಮಾಡುವುದು. ರುಚಿ ಹೇಗೆ ಅಂತ ಬರೆಯಲು ಅರ್ಧ ಗಂಟೆ ಕೂತೆ. ಕೊನೆಗೆ "ಉಪ್ಪು ಬಿದ್ದ ಪೇಡಾ" ಅಂತ ಬರೆದೆ. ಅದಕ್ಕಿಂತ ಸರಿಯಾದ ಮಾತು ಇವತ್ತಿಗೂ ಸಿಕ್ಕಿಲ್ಲ.

ಓಸ್ಲೋದಿಂದ ಬರ್ಗನ್‌ಗೆ ರೈಲಿನಲ್ಲಿ ಸುಮಾರು 7 ಗಂಟೆ. 1909ರಿಂದ ಓಡುತ್ತಿರುವ ದಾರಿ ಅದು. ನಡುವೆ ಫಿನ್ಸೆ ಅನ್ನುವ ಸ್ಟೇಷನ್ 1222 ಮೀಟರ್ ಎತ್ತರದಲ್ಲಿದೆ, ಮೇ ತಿಂಗಳಲ್ಲೂ ಕಿಟಕಿಯ ಎರಡೂ ಕಡೆ ಬರೇ ಬಿಳಿ. ಅದು ದಾಟಿ ಮಿರ್ದಾಲ್‌ನಲ್ಲಿ ಇಳಿದು ಫ್ಲೋಮ್‌ಗೆ ಇನ್ನೊಂದು ಸಣ್ಣ ರೈಲು ಹಿಡಿದೆ. ಬರೇ 20 ಕಿಲೋಮೀಟರ್, ಅಷ್ಟರಲ್ಲಿ 867 ಮೀಟರ್ ಎತ್ತರದಿಂದ ಸಮುದ್ರದ ಮಟ್ಟಕ್ಕೆ ಇಳಿದುಬಿಡುತ್ತದೆ. ರಾತ್ರಿ ಬರೆದೆ, "ಇವತ್ತು ಈ ಸಣ್ಣ ರೈಲಿನಲ್ಲೇ 20 ಸುರಂಗ ದಾಟಿದೆ."

ಬೆಳಗ್ಗೆ ವಾಯ್ಸ್ ಮೆಸೇಜ್: "ಎಂತ ಮಾರಾಯ್ತಿ, ಇಪ್ಪತ್ತು ಸುರಂಗವಾ? ಅದರಲ್ಲಿ ನೀರುಂಟಾ?"

ಘಟ್ಟದ ಮೇಲಿನ ಓದುಗರಿಗೆ ಇದು ತಮಾಷೆ ಅನ್ನಿಸಬಹುದು. ನಮ್ಮಲ್ಲಿ, ಪಡ್ರೆ, ಬಾಯಾರು, ಎಣ್ಮಕಜೆ ಕಡೆ, ಸುರಂಗ ಅಂದರೆ ನೀರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆಯುತ್ತಾ ಹೋಗುವುದು, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ. ಒಳಗೆ ಒರತೆ ಸಿಕ್ಕಿದರೆ ನೀರು ತನ್ನಷ್ಟಕ್ಕೆ ಹರಿದು ಹೊರಗಿನ ತೊಟ್ಟಿಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ನಮ್ಮ ತೋಟದ ಸುರಂಗ ಅಜ್ಜನ ಕಾಲದ್ದು. ಕೊರೆಯುವಾಗ ಮೇಣದ ಬತ್ತಿ ಹಚ್ಚಿ ಇಡುತ್ತಿದ್ದರಂತೆ, ಬತ್ತಿ ನಂದಿದರೆ ಒಳಗೆ ಗಾಳಿ ಸಾಲದು ಅಂತ ಲೆಕ್ಕ, ಹೊರಗೆ ಬಂದುಬಿಡಬೇಕು. ಎಷ್ಟೋ ಜನ ಎಷ್ಟೋ ತಿಂಗಳು ಕೊರೆದು ಒಂದು ಹನಿ ಸಿಗದೆ ಬಿಟ್ಟದ್ದೂ ಉಂಟು. ಹಾಗಾಗಿ ಅಮ್ಮನಿಗೆ ಮೊದಲು ಬರುವ ಪ್ರಶ್ನೆ ಅದೇ ಅಲ್ವಾ?

ಆ ಪ್ರಶ್ನೆ ಬಂದದ್ದರಿಂದ ನಾನು ಫ್ಲೋಮ್‌ನ ರೈಲ್ವೆ ಮ್ಯೂಸಿಯಮ್ಮಿಗೆ ಹೋದೆ. ಸ್ಟೇಷನ್ನಿನ ಪಕ್ಕದಲ್ಲೇ ಇದೆ, ಹಿಂದಿನ ದಿನ ಅದರ ಎದುರೇ ನಡೆದು ಹೋಗಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಗೊತ್ತಾಯಿತು, ಆ 20ರಲ್ಲಿ 18 ಸುರಂಗಗಳನ್ನು ಕೈಯಲ್ಲೇ ಕೊರೆದದ್ದು. ಒಂದು ಮೀಟರ್ ಮುಂದೆ ಹೋಗಲು ಒಂದು ತಿಂಗಳ ದುಡಿಮೆ. 1920ರ ದಶಕದಲ್ಲಿ ಕೆಲಸ ಶುರುವಾಗಿ ರೈಲು ಓಡಿದ್ದು 1940ರಲ್ಲಿ. ಅವತ್ತಿನ ದಿನಚರಿ ಪೂರಾ ಇದೇ ಆಯಿತು, "ನೀರಿಲ್ಲ ಅಮ್ಮ, ರೈಲುಂಟು" ಅಂತ ಶುರುಮಾಡಿ. ಅಮ್ಮನ ಉತ್ತರ: "ಅಲ್ಲಿಯದು ಗಟ್ಟಿ ಕಲ್ಲು ಇರಬೇಕು, ನಮ್ಮ ಮುರಕಲ್ಲು ಅಲ್ಲ." ನಮ್ಮಜ್ಜ ಇದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ಊರಿಗೆ ಬಂದ ಮೇಲೆ ನಿಧಾನಕ್ಕೆ ಬರೆದಿದ್ದರೆ ಈ ಪ್ರಶ್ನೆ ಬರುವ ಹೊತ್ತಿಗೆ ನಾನು ಪೆರ್ಲದಲ್ಲಿ ಇರುತ್ತಿದ್ದೆ, ಉತ್ತರ ಫ್ಲೋಮ್‌ನಲ್ಲಿ ಇರುತ್ತಿತ್ತು. ದಿನದ್ದು ದಿನಕ್ಕೇ ಬರೆಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಬರ್ಗನ್ ಮಳೆಯ ಊರು ಅಂತ ಹೆಸರುವಾಸಿ. ಅಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟುತ್ತದೆ ಅಂತ ಬರೆದರೆ, ಆಟಿ ತಿಂಗಳ ಮಳೆ ನೋಡಿದ ಅಮ್ಮನಿಗೆ ಅದೊಂದು ಮಳೆಯೇ ಅಲ್ಲ. ನಮ್ಮದು 3000 ದಾಟುತ್ತದೆ, ಅದೂ ಹೆಚ್ಚಿನದು ನಾಲ್ಕು ತಿಂಗಳಲ್ಲೇ. ಅವರದ್ದು ವರ್ಷವಿಡೀ ಜಿಟಿಜಿಟಿ. ಕಾಸರಗೋಡಿನವಳು ಅನ್ನುವ ಜಂಬದಲ್ಲಿ ಕೊಡೆ ಬಿಡಿಸಿದೆ, ಎರಡನೇ ತಿರುವಿನಲ್ಲಿ ಗಾಳಿಗೆ ಮಗುಚಿ ಕಡ್ಡಿ ಮುರಿಯಿತು. ಸುತ್ತ ನೋಡಿದರೆ ಊರವರೆಲ್ಲ ಸುಮ್ನೆ ರೇನ್‌ಕೋಟಿನಲ್ಲಿ ನಡೆಯುತ್ತಿದ್ದಾರೆ. ಮೇ 17 ಅವರ ಸಂವಿಧಾನದ ದಿನ, 1814ರದ್ದು. ಆ ದಿನ ಮೆರವಣಿಗೆಯಲ್ಲಿ ಮಕ್ಕಳದ್ದೇ ಕಾರುಬಾರು, ಶಾಲೆ ಶಾಲೆಯವರೂ ಬಾವುಟ ಹಿಡಿದು ಬ್ಯಾಂಡ್ ಬಾರಿಸಿಕೊಂಡು ಬರುತ್ತಾರೆ. ನಾನು ಟೀಚರ್ ಅಲ್ವಾ, ಸಾಲು ತಪ್ಪಿದ ಮಕ್ಕಳನ್ನೇ ಎಣಿಸುತ್ತಾ ನಿಂತೆ. ಅಂಗಡಿಗಳೆಲ್ಲ ಬಂದ್, ಅದು ಗೊತ್ತಿರಲಿಲ್ಲ. ಭಾನುವಾರವೂ ದೊಡ್ಡ ದಿನಸಿ ಅಂಗಡಿಗಳು ತೆರೆಯುವುದಿಲ್ಲ, ಅದೂ ಗೊತ್ತಿರಲಿಲ್ಲ. ಎರಡು ದಿನ ಊರಿಂದ ಒಯ್ದ ಅವಲಕ್ಕಿ ಕಾಪಾಡಿತು. ನಮ್ಮ ಪತ್ರಿಕೆಗಳ ಪ್ರವಾಸದ ಪುಟಗಳಲ್ಲಿ ಇಂಥದ್ದನ್ನು ಯಾರೂ ಯಾಕೆ ಬರೆಯುವುದಿಲ್ಲ?

ಒಂದು ತಪ್ಪು ನಾನೂ ಮಾಡಿದೆ. ಮೂರನೇ ದಿನ ಉಳಿದುಕೊಂಡ ಹಾಸ್ಟೆಲಿನ ಹೆಸರು, ಇನ್ನೂ ಎಷ್ಟು ದಿನ ಅಲ್ಲಿರುತ್ತೇನೆ, ಎಲ್ಲ ಬರೆದುಬಿಟ್ಟೆ. ಭಾವ ಫೋನ್ ಮಾಡಿ ಬೈದರು, "ಒಬ್ಬಳೇ ಇದ್ದೇನೆ ಅಂತ ಲೋಕಕ್ಕೆಲ್ಲ ಡಂಗುರ ಹೊಡೆಸಿದ್ದೀಯಲ್ಲ." ಸರಿಯಾದ ಮಾತು. ಆಮೇಲೆ ಒಂದು ಊರು ಬಿಟ್ಟ ಮೇಲೆಯೇ ಆ ಊರಿನ ಹೆಸರು ಹಾಕಿದೆ. ಎಲ್ಲಿದ್ದೇನೆ, ಯಾವ ಬಸ್ಸು, ಯಾವ ರೂಮು ಅನ್ನುವುದು ಭಾವನಿಗೆ ಮಾತ್ರ ಬೇರೆ ಮೆಸೇಜಿನಲ್ಲಿ ಹೋಗುತ್ತಿತ್ತು. ಇದಕ್ಕೆ ಆ ದೇಶದಲ್ಲೇ ಹಳೆಯ ರೂಢಿ ಉಂಟು ಅಂತ ಹಾಸ್ಟೆಲಿನಲ್ಲಿ ಜೊತೆಗಿದ್ದ ಹುಡುಗಿ ಹೇಳಿದಳು. 1868ರಲ್ಲಿ ಶುರುವಾದ ಅವರ ಚಾರಣ ಸಂಘದ ಗುಡಿಸಲುಗಳು ಬೆಟ್ಟಗಳಲ್ಲೆಲ್ಲ ಇವೆ, ಪ್ರತಿ ಗುಡಿಸಲಲ್ಲೂ ಒಂದು ಪುಸ್ತಕ. ಬಂದವರು ಹೆಸರು, ಎಲ್ಲಿಂದ ಬಂದೆ, ಮುಂದೆ ಎಲ್ಲಿಗೆ ಅಂತ ಬರೆಯಲೇಬೇಕು. ಯಾರಾದರೂ ತಪ್ಪಿಸಿಕೊಂಡರೆ ಹುಡುಕುವವರು ಮೊದಲು ತೆರೆಯುವುದು ಅದನ್ನೇ. ಒಬ್ಬಳೇ ಹೋದವಳು ಬರೆದಿಡುವುದು ಶೋಕಿ ಅನ್ನುವ ಹಿರಿಯರು ಈ ಪುಸ್ತಕಕ್ಕೆ ಏನನ್ನುತ್ತಾರೋ.

ಕೊನೆಗೆ ದೂರ ಉತ್ತರದ ಊರು ಟ್ರೋಮ್ಸೋ. ಮೇ 20ರ ಸುಮಾರಿನಿಂದ ಎರಡು ತಿಂಗಳು ಅಲ್ಲಿ ಸೂರ್ಯ ಮುಳುಗುವುದಿಲ್ಲ. ನೋಡಲು ಚಂದ, ದಿನಚರಿ ಬರೆಯುವವಳಿಗೆ ತಲೆನೋವು. "ಇವತ್ತು" ಎಲ್ಲಿ ಮುಗಿಯುತ್ತದೆ? ಮಲಗುವ ಮೊದಲು ಬರೆಯಬೇಕು, ಆದರೆ ಮಲಗಬೇಕು ಅಂತ ಅನ್ನಿಸುವುದೇ ಇಲ್ಲ. ಒಂದು ರಾತ್ರಿ ಬಿಸಿಲಲ್ಲಿ ಬಟ್ಟೆ ಒಣಗಿಸುತ್ತಾ ಕೂತಿದ್ದೆ, ಅಷ್ಟರಲ್ಲಿ ಅಮ್ಮನ ಮೆಸೇಜ್, "ಯಾಕೆ ಇವತ್ತು ಬರಲಿಲ್ಲ?" ನೋಡಿದರೆ ಅಲ್ಲಿ ಎರಡು ಗಂಟೆ, ಇಲ್ಲಿ ಐದೂವರೆ.

ಊರಿನ ಎದುರು ಒಂದು ಬೆಟ್ಟ, ಅದಕ್ಕೆ ನೇಪಾಳದ ಶೆರ್ಪಾಗಳು ಬಂದು ಕಟ್ಟಿಕೊಟ್ಟ ಸುಮಾರು 1200 ಕಲ್ಲಿನ ಮೆಟ್ಟಿಲು. ನಮ್ಮ ಕಡೆಯ ಪೊಸಡಿ ಗುಂಪೆ ಬೆಟ್ಟ ಹತ್ತಿದವಳಿಗೆ ಇದೇನು ಮಹಾ ಅಂತ ಹೊರಟೆ. ಅರ್ಧದಲ್ಲಿ ಮೆಟ್ಟಿಲೇ ಕಾಣಲಿಲ್ಲ, ಎಲ್ಲ ಹಿಮ. ಕಾಲಿಟ್ಟಲ್ಲಿ ಜಾರುತ್ತದೆ, ಮೇಲಿಂದ ಮೋಡ ಇಳಿಯುತ್ತಾ ಇದೆ. ಅವರ ಬೆಟ್ಟದ ನಿಯಮಗಳು ಒಂಬತ್ತು, ಮೊದಲನೆಯದು ಹೋಗುವ ದಾರಿಯನ್ನು ಯಾರಿಗಾದರೂ ಹೇಳಿ ಹೋಗು, ಎಂಟನೆಯದು ವಾಪಸ್ ಬರಲು ನಾಚಬೇಡ. ವಾಪಸ್ ಬಂದೆ. ರಾತ್ರಿ ಅದನ್ನೇ ಬರೆದೆ, ಹತ್ತಲು ಆಗಲಿಲ್ಲ, ಹೆದರಿಕೆ ಆಯಿತು ಅಂತ. ಆ 16 ದಿನದಲ್ಲಿ ಜಾಸ್ತಿ ಜನ ಉತ್ತರ ಬರೆದದ್ದು ಅದಕ್ಕೇ, ಅದರಲ್ಲೂ ಹೆಂಗಸರು. ಹೇಗೆ ಹೋದಿ, ಎಷ್ಟಾಯ್ತು, ವೀಸಾಕ್ಕೆ ಎಂತೆಲ್ಲ ಕೇಳಿದರು ಅಂತ.

ಈಗ ಪತ್ರಿಕೆಗಳ ಬಗ್ಗೆ ಒಂದು ಮಾತು. ನಾನು ವಾಪಸ್ ಬಂದ ಮೇಲೆ ಒಂದು ಪತ್ರಿಕೆಯವರು ಈ ದಿನಚರಿಯಿಂದ ಒಂದು ಲೇಖನ ಕೇಳಿದರು. ಖುಷಿಯಿಂದ ಕೊಟ್ಟೆ. ಅಚ್ಚಾಗಿ ಬಂದದ್ದು ನೋಡಿದರೆ ಕಾಫಿಯ ರೇಟ್ ಇಲ್ಲ, ಅವಲಕ್ಕಿ ಇಲ್ಲ, ಮುರಿದ ಕೊಡೆ ಇಲ್ಲ, ಬೆಟ್ಟದಿಂದ ವಾಪಸ್ ಬಂದದ್ದಂತೂ ಇಲ್ಲವೇ ಇಲ್ಲ. "ಪ್ರಕೃತಿ ಮಾತೆಯ ಮಡಿಲಲ್ಲಿ" ಅಂತ ತಲೆಬರಹ. ಅಮ್ಮ ಕೇಳಿದ "ನೀರುಂಟಾ" ಅನ್ನುವುದು "ಅಲ್ಲಿ ನೀರಿನ ಸೌಲಭ್ಯವಿದೆಯೇ ಎಂದು ತಾಯಿ ವಿಚಾರಿಸಿದರು" ಆಗಿತ್ತು. ಅಮ್ಮ ಓದಿ, "ಇದು ಯಾರ ತಾಯಿ?" ಅಂತ ಕೇಳಿದರು.

ಆಡುಮಾತಿನ ವಿಷಯಕ್ಕೆ ಬಂದರೆ, ನಾರ್ವೆಯಲ್ಲಿ ನಾರ್ವೇಜಿಯನ್ ಭಾಷೆಗೆ ಎರಡು ಬರಹದ ರೂಪಗಳಿವೆ, 1885ರಿಂದ ಎರಡಕ್ಕೂ ಸಮಾನ ಸ್ಥಾನ. ಒಂದನ್ನು ಕಟ್ಟಿದವನು ಈವಾರ್ ಓಸೆನ್ ಅನ್ನುವ ರೈತನ ಮಗ. 1842ರಿಂದ ನಾಲ್ಕು ವರ್ಷ ಒಬ್ಬನೇ ಊರೂರು ಸುತ್ತಿ, ಹಳ್ಳಿಯವರು ಮಾತಾಡುವುದನ್ನು ಹಾಗೆಯೇ ಬರೆದುಕೊಂಡ, ದಿನಚರಿಯನ್ನೂ ಇಟ್ಟಿದ್ದ. ಅದರಿಂದಲೇ 1848ರಲ್ಲಿ ವ್ಯಾಕರಣ, 1850ರಲ್ಲಿ ನಿಘಂಟು. ಫ್ಲೋಮ್‌ನ ಬೋರ್ಡುಗಳಲ್ಲಿ ಇರುವುದು ಆ ರೂಪವೇ. ನಾವು ಏಳೆಂಟು ಭಾಷೆಗಳ ನಡುವೆ ಕನ್ನಡ ಉಳಿಸಿಕೊಂಡವರು, ಹಾಗಾಗಿ ನಮ್ಮ ಕನ್ನಡದಲ್ಲಿ ಸ್ವಲ್ಪ ತುಳು, ಸ್ವಲ್ಪ ಮಲಯಾಳ ಇರುತ್ತದೆ. ಅದನ್ನು ತಿದ್ದಿ ಬೆಂಗಳೂರಿನ ಇಸ್ತ್ರಿ ಹಾಕಿದರೆ ನಾನು ಎಲ್ಲಿಂದ ಹೊರಟು ನಾರ್ವೆ ನೋಡಿದೆ ಅನ್ನುವುದೇ ಅಳಿಸಿ ಹೋಗುತ್ತದೆ.

ನನ್ನ ಬೇಡಿಕೆ ಸಣ್ಣದು. ಪ್ರವಾಸದ ಪುಟದಲ್ಲಿ ದೊಡ್ಡ ಲೇಖನದ ಪಕ್ಕ ಒಂದು ಕಾಲಂ ಬಿಡಿ, ದೂರದಲ್ಲಿದ್ದವರು ಆ ದಿನ ಬರೆದದ್ದನ್ನು ಹಾಗೇ ಹಾಕಲು. ಜರ್ಮನಿಯಲ್ಲಿ, ಐರ್ಲೆಂಡಿನಲ್ಲಿ, ಕೊಲ್ಲಿಯಲ್ಲಿ ನಮ್ಮ ಕಡೆಯ ಎಷ್ಟು ಮಂದಿ ಇದ್ದಾರೆ, ಅವರೆಲ್ಲ ಮನೆಗೆ ಬರೆಯುತ್ತಾರೆ. ಆ ಹಿರಿಯರಿಗೂ ನನ್ನ ದಿನಚರಿ ಓದಬೇಕು ಅನ್ನಿಸಿದರೆ ಪ್ರಿಂಟ್ ತೆಗೆದು ಕಳಿಸುತ್ತೇನೆ, 41 ಪುಟ ಆಗುತ್ತದೆ.

ಮತ್ತೆ, ಈ ಪತ್ರ ಪ್ರಕಟಿಸುವುದಾದರೆ ಉದ್ದ ಆಯ್ತು ಅಂತ ಎಲ್ಲಿ ಬೇಕಾದರೂ ಕತ್ತರಿಸಿ, ಅಡ್ಡಿಯಿಲ್ಲ. "ಉಂಟು" ಇದ್ದಲ್ಲಿ "ಇದೆ" ಮಾತ್ರ ಮಾಡಬೇಡಿ. ಅಮ್ಮ ಓದುತ್ತಾರೆ.

ಇಂತಿ,
ಪೆರ್ಲದ ಒಬ್ಬ ಟೀಚರ್