ವಾಸಿಯಾದ್ಮೇಲೆ ಮನೆ ಅಂತ ಕಾಯಿಸೋದು ಯಾವ ನ್ಯಾಯ?

ಮಾನ್ಯ ಸಂಪಾದಕರೇ,

ರಸ್ತೆ ಬದಿ ಇದ್ದ ಮಾನಸಿಕ ಅಸ್ವಸ್ಥರನ್ನ ರಕ್ಷಣೆ ಮಾಡಿ ಆಸ್ಪತ್ರೆಗೆ ಸೇರಿಸಿದ್ರು ಅಂತ ಪೇಪರಲ್ಲಿ ಆಗಾಗ ಸುದ್ದಿ ಬರತ್ತೆ, ಜೊತೆಗೆ ಕೂದಲು ಗಡ್ಡ ತೆಗೆಸಿ ಸ್ನಾನ ಮಾಡಿಸಿ ಹೊಸ ಬಟ್ಟೆ ಹಾಕಿದ ಫೋಟೋ. ಒಳ್ಳೇ ಕೆಲಸ, ಮಾಡಿದವರಿಗೆ ಕೈ ಮುಗೀಬೇಕು. ಆದ್ರೆ ಡಿಸ್ಚಾರ್ಜ್ ಆದ್ಮೇಲೆ ಆ ಮನುಷ್ಯ ಎಲ್ಲಿಗೆ ಹೋದ ಅನ್ನೋ ಸುದ್ದಿ ಮಾತ್ರ ನಾನು ಓದಿದ ನೆನಪಿಲ್ಲ. ಮನೆಯವರು ಸಿಕ್ಕಿ ಕರ್ಕೊಂಡು ಹೋದ್ರೆ ಸರಿ, ಸಿಗ್ಲಿಲ್ಲ ಅಂದ್ರೆ ಇಲ್ಲ ಮತ್ತೆ ಅದೇ ಫುಟ್‌ಪಾತು, ಇಲ್ಲ ವಾಸಿಯಾದ್ರೂ ವರ್ಷಗಟ್ಟಲೆ ಅದೇ ವಾರ್ಡು.

ಇವರಿಗೊಂದು ಕಾಯಂ ಮನೆ ಕೊಡಿ ಅಂದ ತಕ್ಷಣ ಬರೋ ಉತ್ತರ ಗೊತ್ತೇ ಇದೆ. ಮೊದ್ಲು ಕಾಯಿಲೆ ಹತೋಟಿಗೆ ಬರ್ಲಿ, ಕುಡಿತ ಇದ್ರೆ ಬಿಡ್ಲಿ, ಮಾತ್ರೆ ಸರಿಯಾಗಿ ತಗೊಳೋದು ಕಲೀಲಿ, ಆಮೇಲೆ ನೋಡೋಣ. ಕೇಳೋಕೆ ಸರಿ ಅನ್ಸತ್ತೆ. ಆದ್ರೆ ಮನೆ ಇಲ್ದೆ ಮಾತ್ರೆ ತಗೊಳೋದು ಅಂದ್ರೇನು ಅಂತ ಸ್ವಲ್ಪ ಹತ್ರದಿಂದ ನೋಡಿ. ಮನೋರೋಗದ ಎಷ್ಟೋ ಔಷಧಿಗಳು ಗಾಢ ನಿದ್ದೆ ಬರಿಸ್ತವೆ, ಅದಕ್ಕೇ ರಾತ್ರಿ ತಗೊಳಿ ಅಂತ ಬರೆದುಕೊಡೋದು. ಫುಟ್‌ಪಾತಲ್ಲಿ ಹಾಗೆ ಎಚ್ಚರ ತಪ್ಪಿದವರ ಥರ ಮಲಗಿದ್ರೆ ಬೆಳಗ್ಗೆ ಏಳೋ ಹೊತ್ತಿಗೆ ಚಪ್ಪಲಿ, ಹೊದಿಕೆ, ಮಾತ್ರೆ ಚೀಟಿ ಇಟ್ಟಿದ್ದ ಕವರ್ ಯಾವುದೂ ಇರಲ್ಲ, ಹೆಂಗಸಾದ್ರೆ ಭಯ ಅದಕ್ಕಿಂತ ದೊಡ್ಡದು. ಹಾಗಾಗಿ ಬೇಕಂತ್ಲೇ ರಾತ್ರಿ ಮಾತ್ರೆ ನುಂಗದೆ ಎಚ್ಚರವಾಗಿ ಕೂತಿರ್ತಾರೆ. ಇದನ್ನ ಹುಚ್ಚು ಅನ್ನೋಕಾಗತ್ತಾ? ನನಗೇನೋ ಬುದ್ಧಿವಂತಿಕೆ ಅಂತಲೇ ಕಾಣತ್ತೆ, ಆದ್ರೆ ಕೇಸ್ ಶೀಟಲ್ಲಿ ಮಾತ್ರ ರೋಗಿ ಸಹಕರಿಸ್ತಿಲ್ಲ ಅಂತಾನೇ ಬರೆಯೋದು. ಮನಸ್ಸಿನ ವಿಪರೀತ ಏರಿಳಿತದ ಕಾಯಿಲೆಗೆ ಕೊಡೋ ಲಿಥಿಯಂ ಅನ್ನೋ ಔಷಧಿ ತಗೊಳೋರಿಗೆ ಇನ್ನೂ ಕಷ್ಟ, ಮೈಯಲ್ಲಿ ನೀರಿನಂಶ ಕಮ್ಮಿ ಆದ್ರೆ ಅದೇ ಔಷಧಿ ವಿಷ ಆಗಬಹುದು, ಆಗಾಗ ರಕ್ತ ಪರೀಕ್ಷೆ ಬೇರೆ ಆಗ್ಬೇಕು. ಮರೆಯೋರಿಗೆ ತಿಂಗಳಿಗೊಂದು ಇಂಜೆಕ್ಷನ್ ಇದೆಯಲ್ಲ ಅಂತೀರಿ, ಇದೆ, ಆದ್ರೆ ಆ ತಾರೀಕು ನರ್ಸ್ ಹುಡುಕಿಕೊಂಡು ಹೋಗೋದು ಯಾವ ವಿಳಾಸಕ್ಕೆ?

ಈ ಕ್ರಮವನ್ನ ತಿರುಗಿಸಿ ನೋಡಿದವರಿದ್ದಾರೆ. 1992ರಲ್ಲಿ ನ್ಯೂಯಾರ್ಕಲ್ಲಿ ಸ್ಯಾಮ್ ಸೆಂಬೆರಿಸ್ ಅನ್ನೋ ಮನಃಶಾಸ್ತ್ರಜ್ಞರು ಪಾತ್‌ವೇಸ್ ಟು ಹೌಸಿಂಗ್ ಅಂತ ಸಂಸ್ಥೆ ಶುರು ಮಾಡಿ ಬೀದಿಯಲ್ಲಿರೋ ಮಾನಸಿಕ ರೋಗಿಗಳಿಗೆ ನೇರವಾಗಿ ಬಾಡಿಗೆ ಮನೆ ಕೊಡಿಸಿದ್ರು. ಎಲ್ಲರನ್ನೂ ಒಂದೇ ಕಟ್ಟಡದಲ್ಲಿ ತುಂಬಲಿಲ್ಲ, ಊರ ತುಂಬ ಮಾಮೂಲಿ ಅಪಾರ್ಟ್‌ಮೆಂಟುಗಳಲ್ಲಿ ಒಂದೊಂದು ಮನೆ. ಚಿಕಿತ್ಸೆ ತಗೊಂಡ್ರೆ ಮಾತ್ರ ಮನೆ ಅನ್ನೋ ಷರತ್ತು ಇಲ್ಲ, ಬರೋ ಆದಾಯದಲ್ಲಿ ಶೇ 30ರಷ್ಟು ಬಾಡಿಗೆಗೆ ಕೊಡಬೇಕು, ಸಂಸ್ಥೆಯವರು ಬಂದಾಗ ಬಾಗಿಲು ತೆಗೀಬೇಕು, ಅಷ್ಟೆ. 5 ವರ್ಷದ ಲೆಕ್ಕ ನೋಡಿದಾಗ ಇವರಲ್ಲಿ ಶೇ 88 ಜನ ಮನೆ ಉಳಿಸಿಕೊಂಡಿದ್ರು, ಮೊದ್ಲು ಚಿಕಿತ್ಸೆ ಆಮೇಲೆ ಮನೆ ಅನ್ನೋ ಹಳೇ ಪದ್ಧತಿಯಲ್ಲಿ ಅದು ಶೇ 47. ಫಿನ್ಲೆಂಡಿನವರು 2008ರಿಂದ ಇದನ್ನೇ ಸರ್ಕಾರಿ ನೀತಿ ಮಾಡ್ಕೊಂಡು, ಸಾಲಾಗಿ ಮಂಚ ಹಾಕಿದ್ದ ಶೆಲ್ಟರುಗಳನ್ನೇ ಒಡೆದು ಬಾಗಿಲು, ಬೀಗ, ಅಡುಗೆಮನೆ ಇರೋ ಸಣ್ಣ ಮನೆಗಳಾಗಿ ಮಾಡಿದ್ರು.

ಹಾಗಂತ ಮನೆ ಕೊಟ್ಟ ತಕ್ಷಣ ಕಾಯಿಲೆ ಓಡಿಹೋಗತ್ತೆ ಅಂತ ನಾನು ಹೇಳ್ತಿಲ್ಲ. ಕೆನಡಾದವರು 2009ರಿಂದ 5 ನಗರಗಳಲ್ಲಿ 2000ಕ್ಕೂ ಹೆಚ್ಚು ಜನರನ್ನ ಸೇರಿಸಿ ದೊಡ್ಡ ಅಧ್ಯಯನ ಮಾಡಿದ್ರು. ಕೊನೇ 6 ತಿಂಗಳಲ್ಲಿ ಮನೆ ಸಿಕ್ಕ ಗುಂಪಿನ ಶೇ 62 ಜನ ಪೂರ್ತಿ ಸಮಯ ಮನೆಯಲ್ಲೇ ಇದ್ರು, ಮಾಮೂಲಿ ಸೇವೆಗಳಷ್ಟೇ ಇದ್ದ ಇನ್ನೊಂದು ಗುಂಪಲ್ಲಿ ಶೇ 31. ಆದ್ರೆ ಕಾಯಿಲೆಯ ಲಕ್ಷಣ ಕಮ್ಮಿಯಾಗೋದ್ರಲ್ಲಿ ಎರಡೂ ಗುಂಪಿಗೆ ಅಂಥ ವ್ಯತ್ಯಾಸ ಏನಿರಲಿಲ್ಲ. ಸರ್ಕಾರಕ್ಕೆ ದುಡ್ಡು ಉಳಿದಿದ್ದೂ ಮುಖ್ಯವಾಗಿ ಪದೇಪದೇ ಆಸ್ಪತ್ರೆ, ಪೊಲೀಸ್, ಜೈಲು ಅಂತ ಅಲೆಯೋರ ವಿಷಯದಲ್ಲಿ. ಇದನ್ನ ಮುಚ್ಚಿಟ್ಟು ಮಾರೋದು ಬೇಡ. ಆದ್ರೆ ಕಾಯಿಲೆ ಕಮ್ಮಿಯಾಗ್ಲಿಲ್ಲ ಅಂತ ಮನೆ ಬೇಡ ಅನ್ನೋಕಾಗಲ್ಲ. ಸಕ್ಕರೆ ಕಾಯಿಲೆಯವರಿಗೆ ಶುಗರ್ ಕಂಟ್ರೋಲಿಗೆ ಬಂದ್ಮೇಲೆ ಮನೆ ಒಳಗೆ ಬಾ ಅಂತ ಯಾರೂ ಹೇಳಲ್ಲ, ಇವರಿಗೆ ಮಾತ್ರ ಯಾಕೆ ಹೇಳ್ಬೇಕು?

ಇನ್ನು ಬೀಗದ ಕೈ ಕೊಟ್ಟು ಫೋಟೋ ತೆಗೆಸಿ ಹೋಗೋ ಯೋಜನೆ ಬಗ್ಗೆ ನನಗೆ ಹೆಚ್ಚು ಭಯ. ವರ್ಷಗಟ್ಟಲೆ ಹೊರಗೆ ಮಲಗಿದ ಮನುಷ್ಯನಿಗೆ ಗ್ಯಾಸ್ ಒಲೆ ಆರಿಸೋದು, ಕರೆಂಟ್ ಬಿಲ್ ಕಟ್ಟೋದು, ಮೇಲಿನ ಮನೆಯ ಸದ್ದು ತನ್ನನ್ನೇ ಬೈತಿರೋ ಹಾಗೆ ಕೇಳಿಸಿದ್ರೂ ಜಗಳಕ್ಕೆ ಹೋಗದೆ ಇರೋದು ಎಲ್ಲಾ ಹೊಸದಾಗೇ ಶುರು. ಖಾಲಿ ಮನೆಯ ಒಂಟಿತನ ಬೇರೆ. ವಾರಕ್ಕೊಮ್ಮೆಯಾದ್ರೂ ಬಾಗಿಲು ತಟ್ಟಿ ಊಟ ಆಯ್ತಾ, ಪಿಂಚಣಿ ಬಂತಾ, ನಿದ್ದೆ ಬರ್ತಿದ್ಯಾ ಅಂತ ಕೇಳೋ ಒಬ್ಬ ಸೋಶಿಯಲ್ ವರ್ಕರ್, ಕರೆದ್ರೆ ಬರೋ ನರ್ಸ್, ಡಾಕ್ಟರ್ ಇರ್ಲೇಬೇಕು. ಆಸ್ಪತ್ರೆಗೆ ಸೇರಿದ್ರೂ ವಾಪಸ್ ಬರೋವರೆಗೆ ಮನೆ ಅವರ ಹೆಸರಲ್ಲೇ ಇರ್ಬೇಕು. ಗೋಡೆ ಕಟ್ಟೋಕೆ ಬಜೆಟ್ ಸಿಗತ್ತೆ, ಈ ಬಾಗಿಲು ತಟ್ಟೋರ ಸಂಬಳಕ್ಕೆ ಬಂದಾಗ ಕೈ ಹಿಡಿತ ಶುರುವಾಗತ್ತೆ, ಯೋಜನೆ ಸೋಲೋದು ಇಲ್ಲೇ.

ನಮ್ಮ ಬೀದಿಯಲ್ಲಿ ಬೇಡ ಅನ್ನೋರಿಗೂ ಒಂದು ಮಾತು. ಚೆನ್ನೈನಲ್ಲಿ 1993ರಲ್ಲಿ ಶುರುವಾದ ದಿ ಬ್ಯಾನ್ಯನ್ ಸಂಸ್ಥೆಯವರು 2015ರಿಂದ ಹೋಮ್ ಅಗೇನ್ ಅಂತ ನಡೆಸ್ತಿದ್ದಾರೆ, ಆಸ್ಪತ್ರೆಯಲ್ಲೇ ಉಳಿದುಹೋದ ನಾಲ್ಕೈದು ಜನ ಸೇರಿ ಮಾಮೂಲಿ ಬೀದಿಯಲ್ಲೇ ಬಾಡಿಗೆ ಮನೆಯಲ್ಲಿರ್ತಾರೆ, ಜೊತೆಗೆ ಸಹಾಯಕರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತೋರಿಸಿದ ಒಳ್ಳೇ ಮಾದರಿಗಳಲ್ಲಿ ಇದೂ ಒಂದು. ಈ ಕಾಯಿಲೆ ಇರೋರು ಹಿಂಸೆ ಮಾಡೋದಕ್ಕಿಂತ ಹಿಂಸೆಗೆ ಗುರಿಯಾಗೋದೇ ಜಾಸ್ತಿ, ಆದ್ರೂ ಭಯ ಪಡೋರು ನಾವು!

ಕಾನೂನಂತೂ ಇದ್ದೇ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 19 ಪ್ರಕಾರ ಮನೆಯವರು ಇಲ್ಲ, ಸೇರಿಸ್ತಿಲ್ಲ, ಇರೋಕೆ ಜಾಗ ಇಲ್ಲ ಅನ್ನೋ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಕೊಳೋ ಹಾಗಿಲ್ಲ. ಸೆಕ್ಷನ್ 18 ಹೇಳೋ ಸೇವೆಗಳಲ್ಲಿ ನೆರವಿನ ಜೊತೆಗಿನ ವಸತಿಯೂ ಸೇರಿದೆ. ಹೀಗಿರೋವಾಗ ವಾಸಿಯಾಗಿಯೂ ಹೋಗೋಕೆ ಜಾಗ ಇಲ್ದೆ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಎಷ್ಟು ಜನ ಇದ್ದಾರೆ, ಅವರಿಗಾಗಿ ಎಷ್ಟು ಮನೆ ಬಾಡಿಗೆಗೆ ಹಿಡಿದಿದ್ದಾರೆ, ಆ ಮನೆಗಳಿಗೆ ಹೋಗಿಬರೋಕೆ ಎಷ್ಟು ಸಿಬ್ಬಂದಿ ಇದ್ದಾರೆ, ಈ 3 ಪ್ರಶ್ನೆನ ನಿಮ್ಮ ವರದಿಗಾರರು ಮಾಹಿತಿ ಹಕ್ಕಿನಡಿ ಕೇಳಿ ಬಂದ ಉತ್ತರ ಹಾಗೇ ಮುಖಪುಟದಲ್ಲಿ ಹಾಕ್ಬೇಕು ಅಂತ ಕೇಳ್ಕೋತೀನಿ.

ಇತಿ,
ಒಬ್ಬ ಓದುಗ