ತಾರಸಿಯ ಮೇಲಿನ ಹೊಸ ಕೋಣೆಯ ಗೋಡೆಯನ್ನು ತೊಲೆ ಬಿಟ್ಟು ಕಟ್ಟಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ಮನೆ ವಿಸ್ತರಣೆಯ ಕಾಮಗಾರಿಯಲ್ಲಿ ಅನುಮೋದಿತ ನಕ್ಷೆಯನ್ನೂ ಒಪ್ಪಿದ ಸಾಮಗ್ರಿಯನ್ನೂ ಬದಲಿಸಿರುವುದು.

ನಮ್ಮ ಮನೆಯ ತಾರಸಿಯ ಮೇಲೆ ಒಂದು ಮಲಗುವ ಕೋಣೆಯನ್ನೂ ಅದಕ್ಕೆ ಹೊಂದಿಕೊಂಡ ಸ್ನಾನಗೃಹವನ್ನೂ ಕಟ್ಟಿಕೊಡುವ ಕೆಲಸ ಮುಗಿದಿದೆ ಎಂದು ತಿಳಿಸಿ ತಾವು ಅಂತಿಮ ಬಿಲ್ಲನ್ನು ಕಳುಹಿಸಿದ್ದೀರಿ. ಕೋಣೆ ಎದ್ದು ನಿಂತಿರುವುದು ನಿಜ. ಆದರೆ ಅದರ ಮುಖ್ಯ ಗೋಡೆ ಒಪ್ಪಿದ ಜಾಗದಲ್ಲಿಲ್ಲ; ಒಪ್ಪಿದ ಬ್ಲಾಕುಗಳಿಂದ ಕಟ್ಟಿದ್ದೂ ಅಲ್ಲ. ಈ ಕಾರಣದಿಂದ ಬಿಲ್ಲಿನ ಪಾವತಿಯನ್ನು ತಡೆಹಿಡಿದಿದ್ದೇನೆ.

ಮನೆಯಲ್ಲಿ ಜಾಗ ಸಾಲದೆ ಬಂದಾಗ ನಮಗೆ ಬೇರೆ ದಾರಿಗಳೂ ಇದ್ದವು. ಕಾರು ನಿಲ್ಲಿಸುವ ಜಾಗಕ್ಕೆ ಗೋಡೆ ಹಾಕಿ ಕೋಣೆ ಮಾಡಿಕೊಳ್ಳಬಹುದಿತ್ತು, ಆದರೆ ಅಲ್ಲಿನ ನೆಲವನ್ನು ಎತ್ತರಿಸಿ ಕೆಳಗಿನಿಂದ ತೇವ ಏರದಂತೆ ತಡೆಯಬೇಕಾಗುತ್ತಿತ್ತು. ಬಾಲ್ಕನಿಯನ್ನು ಮುಚ್ಚಿದರೆ ಅದರ ಹಿಂದಿನ ಕೋಣೆಗೆ ಗಾಳಿ ಬೆಳಕು ತಪ್ಪುತ್ತಿತ್ತು. ಹಿತ್ತಲಿಗೆ ಚಾಚಿ ಕಟ್ಟಲು ಹೊಸ ಅಡಿಪಾಯವೇ ಬೇಕಿತ್ತು. ಇವೆಲ್ಲವನ್ನೂ ತೂಗಿ ನೋಡಿ ತಾರಸಿಯೇ ಲೇಸೆಂದು ಸಲಹೆ ಕೊಟ್ಟವರು ತಮ್ಮ ಪ್ರತಿನಿಧಿಯೇ. ತಮ್ಮ ಸ್ಟ್ರಕ್ಚರಲ್ ಎಂಜಿನಿಯರರು ಹಳೆಯ ಕಂಬಗಳನ್ನು ಪರೀಕ್ಷಿಸಿ ಎರಡು ಷರತ್ತುಗಳ ಮೇಲೆ ಒಪ್ಪಿಗೆ ನೀಡಿದ್ದರು: ಹೊಸ ಗೋಡೆಗಳೆಲ್ಲ ಕೆಳಗಿನ ತೊಲೆಗಳ ನೇರದಲ್ಲೇ ಬರಬೇಕು, ಗೋಡೆಗೆ ಹಗುರ ಬ್ಲಾಕುಗಳನ್ನೇ ಬಳಸಬೇಕು. ಈ ಎರಡೂ ನಕ್ಷೆಯಲ್ಲಿ ಬರಹದಲ್ಲೇ ಇವೆ.

ಕಟ್ಟುವಾಗ ಎರಡೂ ಷರತ್ತುಗಳು ಮುರಿದವು. ಕೋಣೆ ಅಗಲವಾಗಲಿ ಎಂದು ತಮ್ಮ ಸೂಪರ್‌ವೈಸರ್ ನಮ್ಮನ್ನು ಕೇಳದೆಯೇ ಪೂರ್ವದ ಗೋಡೆಯನ್ನು ತೊಲೆಯಿಂದ ಸುಮಾರು ಎರಡು ಅಡಿ ಆಚೆಗೆ ಸರಿಸಿದ್ದಾರೆ. ಅದನ್ನೂ ಹಗುರ ಬ್ಲಾಕಿನ ಬದಲು ಆರು ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕಿನಿಂದ ಎಬ್ಬಿಸಿದ್ದಾರೆ. ಇದರ ಪರಿಣಾಮವನ್ನು ತಮಗೆ ವಿವರಿಸಬೇಕಾಗಿ ಬಂದಿರುವುದೇ ವಿಚಿತ್ರ. ಮೂರು ಮೀಟರ್ ಎತ್ತರದ ಅಂತಹ ಗೋಡೆ, ಗಾರೆಯನ್ನು ಬಿಟ್ಟೇ, ಪ್ರತಿ ಮೀಟರ್ ಉದ್ದಕ್ಕೆ ಸುಮಾರು 900 ಕಿಲೋ ತೂಗುತ್ತದೆ. ಅಷ್ಟೇ ದಪ್ಪದ ಹಗುರ ಬ್ಲಾಕಿನ ಗೋಡೆಯಾಗಿದ್ದರೆ 300 ಕಿಲೋ ಸಹ ದಾಟುತ್ತಿರಲಿಲ್ಲ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಪ್ರತಿ ಚದರ ಮೀಟರಿಗೆ 150ರಿಂದ 200 ಕಿಲೋ ಹೊರೆ ಹರಡಿ ಬೀಳುತ್ತದೆ ಎಂಬ ಲೆಕ್ಕದಲ್ಲಿ ಕಟ್ಟಿರುತ್ತಾರೆ. ತೊಲೆಯ ಮೇಲೆ ನಿಂತ ಗೋಡೆಯ ಭಾರ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ ಇಳಿಯುತ್ತದೆ. ತೊಲೆ ಬಿಟ್ಟು ನಿಂತ ಗೋಡೆಯ ಭಾರವನ್ನಾದರೋ ಮೊದಲು ಛಾವಣಿಯ ತೆಳುವಾದ ಕಾಂಕ್ರೀಟೇ ಬಾಗಿ ಹೊರಬೇಕು, ಮತ್ತು ಹಾಗೆ ಬಾಗಿದಾಗ ಬಿರುಕು ಮೊದಲು ಕಾಣುವುದು ಅದರ ಕೆಳಮೈಯಲ್ಲಿ.

ಆಗಿರುವುದೂ ಅದೇ. ನಡುಮನೆಯ ಛಾವಣಿಯಲ್ಲಿ, ಮೇಲಿನ ಗೋಡೆಯ ನೇರಕ್ಕೆ, ಈ ಗೋಡೆಯಿಂದ ಆ ಗೋಡೆಯವರೆಗೆ ಬಿರುಕು ಹರಿದಿದೆ. ಅದರ ಕೆಳಗಿನ ಬಾಗಿಲು ಈಗ ಚೌಕಟ್ಟಿಗೆ ಉಜ್ಜುತ್ತಿದೆ. ಸೂಪರ್‌ವೈಸರ್ ಬಂದು ಇದು ಗಾರೆಯ ಬಿರುಕಷ್ಟೇ ಎಂದು ಪುಟ್ಟಿ ತುಂಬಿಸಿ, ಬಣ್ಣ ಹೊಡೆಸಿ ಹೋದರು. ಬಿರುಕು ಅದೇ ಗೆರೆಯಲ್ಲಿ ಮತ್ತೆ ಬಾಯಿ ತೆರೆಯಿತು. ಗಾರೆಯದ್ದಷ್ಟೇ ಆಗಿದ್ದರೆ ಜೇಡರ ಬಲೆಯಂತೆ ಅಲ್ಲಲ್ಲಿ ಹರಡುತ್ತಿತ್ತೇ ಹೊರತು ಗೋಡೆಯ ಗೆರೆಯನ್ನೇ ಹಿಡಿದು ಹೋಗುತ್ತಿರಲಿಲ್ಲ. ಕೋಣೆ ಅಗಲವಾಯಿತಲ್ಲ, ಸಂತೋಷಪಡಿ ಎಂದು ಅವರು ಹೇಳಿದ ಮಾತನ್ನು ಇಲ್ಲಿ ದಾಖಲಿಸುತ್ತಿದ್ದೇನೆ, ಏಕೆಂದರೆ ಗೋಡೆಯನ್ನು ತಿಳಿದೇ ಸರಿಸಲಾಗಿದೆ ಎಂಬುದಕ್ಕೆ ಅದೊಂದು ಸಾಕ್ಷಿ.

ಸ್ನಾನಗೃಹದ ವಿಷಯ ಸಣ್ಣದಾದರೂ ಸೇರಿಸಬೇಕಾಗಿದೆ. ಕೊಳವೆಗಾಗಿ ತಾರಸಿಯನ್ನು ಕೊರೆದ ಕಡೆ ಹಳೆಯ ವಾಟರ್‌ಪ್ರೂಫಿಂಗ್ ಪದರ ಹರಿದಿದ್ದು, ಅದನ್ನು ಸರಿಪಡಿಸದೆಯೇ ಟೈಲ್ಸ್ ಹಾಕಲಾಗಿದೆ. ಕೆಳಗಿನ ಕೋಣೆಯ ಮೂಲೆ ಒದ್ದೆಯಾಗಿದೆ. ಹೊಸ ಗೋಡೆ ಅಡ್ಡ ಬಂದುದರಿಂದ ತಾರಸಿಯ ವಾಟವೂ ಕೆಟ್ಟು, ಮಳೆ ನೀರು ಗೋಡೆಯ ಬುಡದಲ್ಲೇ ನಿಲ್ಲುತ್ತಿದೆ.

ಆದ್ದರಿಂದ, ತಮ್ಮ ಸಂಸ್ಥೆಗೆ ಸಂಬಂಧಪಡದ, ನಾವೂ ಒಪ್ಪುವ ಸ್ಟ್ರಕ್ಚರಲ್ ಎಂಜಿನಿಯರರೊಬ್ಬರಿಂದ ತಮ್ಮ ವೆಚ್ಚದಲ್ಲಿ ಕಟ್ಟಡದ ಪರಿಶೀಲನೆ ನಡೆಸಿ ಲಿಖಿತ ವರದಿ ಕೊಡಿಸಬೇಕು. ಅಲ್ಲಿಯವರೆಗೆ ಛಾವಣಿಗೆ ತಾತ್ಕಾಲಿಕ ಆಸರೆ ಕೊಡುವ ಕೆಲಸವನ್ನು ಮಾತ್ರ ಒಂದು ದಿನವೂ ತಡಮಾಡಬಾರದು. ವರದಿ ಬಂದ ನಂತರ ಆ ಗೋಡೆಯನ್ನು ಎಚ್ಚರಿಕೆಯಿಂದ ಇಳಿಸಿ, ನಕ್ಷೆಯಲ್ಲಿರುವಂತೆ ತೊಲೆಯ ಮೇಲೆ ಹಗುರ ಬ್ಲಾಕಿನಿಂದ ಕಟ್ಟಿ, ಛಾವಣಿಯ ಬಿರುಕನ್ನು ಎಂಜಿನಿಯರರು ಸೂಚಿಸುವ ವಿಧಾನದಲ್ಲೇ ದುರಸ್ತಿ ಮಾಡಿಸಿ, ವಾಟರ್‌ಪ್ರೂಫಿಂಗನ್ನೂ ವಾಟವನ್ನೂ ಸರಿಪಡಿಸಿಕೊಡಬೇಕು. ಮತ್ತೆ ಪುಟ್ಟಿ ಹಚ್ಚುವ ಪ್ರಸ್ತಾಪವನ್ನು ನಾನು ಒಪ್ಪುವುದಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ತಮ್ಮ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಉತ್ತರ ಬಾರದಿದ್ದಲ್ಲಿ ಗ್ರಾಹಕ ನ್ಯಾಯಾಲಯದ ಮೊರೆ ಹೋಗುವುದು ಅನಿವಾರ್ಯವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಮನೆಯ ಮಾಲೀಕರು

ಲಗತ್ತುಗಳು: ಒಪ್ಪಂದದ ಪ್ರತಿ, ಅನುಮೋದಿತ ನಕ್ಷೆಯ ಪ್ರತಿ, ಬಿರುಕಿನ ಹಾಗೂ ಗೋಡೆಯ ಬುಡದ ಛಾಯಾಚಿತ್ರಗಳು.